ಕ್ಯಾನ್ಸರ್ ರಿಪೋರ್ಟ್ ಯಾರ ಮೊಬೈಲ್‌ಗೆ ಹೋಗುತ್ತದೆ, ಮೊದಲು ವಿಚಾರಿಸಿ

ಬಯಾಪ್ಸಿಗೋ (ಚೂರು ಮಾಂಸ ತೆಗೆದು ನೋಡುವ ಪರೀಕ್ಷೆ) ಸ್ಕ್ಯಾನಿಂಗ್‌ಗೋ ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕೌಂಟರ್‌ನಲ್ಲಿ ಒಂದು ನಿಮಿಷ ನಿಂತು ಕೇಳಿ: ಫೈಲಿಗೆ ಯಾರ ಮೊಬೈಲ್ ನಂಬರ್ ಹಾಕಿದ್ದೀರಿ? ಈಗೆಲ್ಲ ರಿಪೋರ್ಟ್ ಕೈಗೆ ಸಿಗುವ ಮುಂಚೆಯೇ ಮೊಬೈಲ್‌ಗೆ ಬಂದುಬಿಡುತ್ತದೆ. ನಂಬರ್ ಯಾರದೋ, ಸುದ್ದಿ ಮೊದಲು ಅವರಿಗೆ.

ನನಗೆ ಸ್ತನ ಕ್ಯಾನ್ಸರ್. ನಾವಿರುವುದು ದಾವಣಗೆರೆ ಕಡೆ, ಚಿಕಿತ್ಸೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಯಜಮಾನರಿಗೆ ರಜೆ ಸಿಗಲಿಲ್ಲ, ಅದಕ್ಕೆ ಮೈದುನ ಜೊತೆಗೆ ಬಂದಿದ್ದ. ಬಿಲ್ಲಿಂಗ್ ಕೌಂಟರ್‌ನಲ್ಲಿದ್ದ ಹುಡುಗ ಹೆಸರು, ವಯಸ್ಸು ನನ್ನನ್ನು ಕೇಳಿದ. ಮೊಬೈಲ್ ನಂಬರ್ ಮಾತ್ರ ದುಡ್ಡು ಕಟ್ಟುತ್ತಿದ್ದ ಮೈದುನನನ್ನು ಕೇಳಿ ಟೈಪ್ ಮಾಡಿಕೊಂಡ.

ಬಯಾಪ್ಸಿ ಮುಗಿಸಿ ಊರಿಗೆ ವಾಪಸ್ ಬಂದಿದ್ದೆ. ಮೈದುನನ ವಾಟ್ಸಾಪ್‌ಗೆ ಪಿಡಿಎಫ್ ಬಂದಿದೆ. ಅವನು ಗಾಬರಿಯಾಗಿ ಪರಿಚಯದ ಡಾಕ್ಟರೊಬ್ಬರಿಗೆ ಕಳಿಸಿದ್ದಾನೆ, ಹೆಂಡತಿಗೂ ತೋರಿಸಿದ್ದಾನೆ. ಅಲ್ಲಿಂದ ಅದು ಕುಟುಂಬದ ಗ್ರೂಪಿಗೆ ಬಂದಿದೆ. ನಾನು ಆ ಗ್ರೂಪ್ ನೋಡಿರಲೇ ಇಲ್ಲ. ಸಂಜೆ ನಾದಿನಿ ಹುಬ್ಬಳ್ಳಿಯಿಂದ ಫೋನ್ ಮಾಡಿ ಅಳುತ್ತಾ, "ಅತ್ತಿಗೆ, ಧೈರ್ಯ ತಗೋರಿ, ಈಗ ಎಲ್ಲದಕ್ಕೂ ಔಷಧಿ ಐತಿ" ಅಂದಳು. "ಯಾವುದಕ್ಕಮ್ಮಾ?" ಎಂದೆ. ಆ ಕಡೆಯಿಂದ ಮಾತೇ ಬರಲಿಲ್ಲ. ನನಗೆ ಕ್ಯಾನ್ಸರ್ ಇದೆ ಅಂತ ನನಗೆ ಗೊತ್ತಾದದ್ದು ಹೀಗೆ.

ಮೈದುನನ ಮೇಲೆ ನನಗೆ ಸಿಟ್ಟಿಲ್ಲ. ಅವನು ಓಡಾಡಿದ್ದೆಲ್ಲ ನನಗೋಸ್ಕರ. ಸಿಟ್ಟಿರುವುದು, ರೋಗಿ ಎದುರಿಗೇ ನಿಂತಿರುವಾಗ ಅವಳ ನಂಬರ್ ಕೇಳದ ಆಸ್ಪತ್ರೆಯ ಮೇಲೆ.

ಅದರ ಪೆಟ್ಟು ಮಗಳಿಗೂ ಬಿತ್ತು. ಅವಳಿಗೆ ಒಂದು ಕಡೆ ಮಾತುಕತೆ ನಡೆದಿತ್ತು. ಗಂಡಿನ ಕಡೆಯವರು ಏನೂ ಹೇಳದೆ ಹಿಂದೆ ಸರಿದರು. ಮಧ್ಯಸ್ತಿಕೆ ವಹಿಸಿದ್ದವರು ಆಮೇಲೆ ಬಾಯಿಬಿಟ್ಟರು: "ಮನೆತನದಾಗೆ ಬರ್ತದಂತಲ್ಲ, ಅದಕ್ಕೇ." ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವಂಥವು ನೂರಕ್ಕೆ ಸುಮಾರು 5ರಿಂದ 10 ಮಾತ್ರ. ನನ್ನ ಜೀನ್ ಪರೀಕ್ಷೆ ಆಗ ಆಗಿರಲೂ ಇಲ್ಲ. ಯಾರಿಗೆ ಅಂತ ಕೂತು ವಿವರಿಸುವುದು? ಬಿಆರ್‌ಸಿಎ ಪರೀಕ್ಷೆ, ಅಂದರೆ ವಂಶದಿಂದ ಬರುವ ಸ್ತನ ಕ್ಯಾನ್ಸರ್‌ನ ಜೀನ್ ಇದೆಯಾ ಅಂತ ನೋಡುವ ರಕ್ತಪರೀಕ್ಷೆ, ಮಾಡಿಸುವವರು ಇದನ್ನು ವಿಶೇಷವಾಗಿ ಗಮನಿಸಿ. ಅದರ ಫಲಿತಾಂಶ ನಿಮ್ಮೊಬ್ಬರದಲ್ಲ, ಮಕ್ಕಳಿಗೂ ಒಡಹುಟ್ಟಿದವರಿಗೂ ಸಂಬಂಧಿಸಿದ್ದು. ಅದು ಯಾರ ಕೈಗೆ ಹೋಗಬೇಕು ಅನ್ನುವುದನ್ನು ರಕ್ತ ಕೊಡುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.

ಡಾಕ್ಟರ್ ಹತ್ತಿರ ಹೋದಾಗಲೂ ಅದೇ ಕಥೆ. ಪರೀಕ್ಷೆ ಮಾಡಿ, ನನ್ನನ್ನು ಹೊರಗೆ ಕೂರಲು ಹೇಳಿ, "ಪೇಷಂಟ್ ಕಡೆಯವರು ಯಾರು?" ಅಂತ ಮೈದುನನನ್ನು ಒಳಗೆ ಕರೆದರು. ಎಷ್ಟನೇ ಸ್ಟೇಜು, ಕೀಮೋ ಮೊದಲೋ ಆಪರೇಷನ್ ಮೊದಲೋ, ಎಲ್ಲವೂ ಅವನ ಹತ್ತಿರವೇ ಚರ್ಚೆ. ನಾನು ಬೆಂಚಿನ ಮೇಲೆ ಕೂತು ಬಾಗಿಲು ನೋಡುತ್ತಿದ್ದೆ. ಡಾಕ್ಟರು ಕೆಟ್ಟವರಲ್ಲ, ಕೈಗುಣ ಒಳ್ಳೆಯದು. ರೋಗಿ ಕುಗ್ಗಿಹೋಗುತ್ತಾಳೆ ಅಂತ ಮನೆಯವರಿಗೆ ಹೇಳುವುದು ನಮ್ಮಲ್ಲಿ ರೂಢಿಯೇ ಆಗಿದೆ. ಆದರೆ ಮೈದುನನ ಎದುರು ನನ್ನ ಎದೆಯ ವಿಷಯ ಮಾತಾಡಬಹುದಾ ಅಂತ ನನ್ನನ್ನು ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಆಮೇಲೆ ನಾನು ನಿಯಮಗಳನ್ನು ಹುಡುಕಿ ಓದಿದೆ. ಡಾಕ್ಟರುಗಳ ವೃತ್ತಿ ನಡತೆಗೆ ಇರುವುದು 2002ರ ನಿಯಮ. 2023ರ ಆಗಸ್ಟ್‌ನಲ್ಲಿ ಹೊಸದು ಬಂದಿತ್ತು, ಅದೇ ತಿಂಗಳು ಅದನ್ನು ತಡೆಹಿಡಿದು ಹಳೆಯದನ್ನೇ ಮುಂದುವರಿಸಿದರು. ಚಿಕಿತ್ಸೆ ಕೊಡುವಾಗ ತಿಳಿದುಬಂದ ರೋಗಿಯ ಗುಟ್ಟನ್ನು ಡಾಕ್ಟರು ಹೊರಗೆ ಬಿಡಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಕೋರ್ಟ್ ಆದೇಶ, ಬೇರೆಯವರಿಗೆ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಇಂಥ ಸಂದರ್ಭ ಬಿಟ್ಟು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಕಾಯಿಲೆ ಎಷ್ಟು ಗಂಭೀರ ಅನ್ನುವುದು ರೋಗಿಗೋ, ಸಂಬಂಧಿಕರಿಗೋ, ಜವಾಬ್ದಾರಿಯುತ ಸ್ನೇಹಿತರಿಗೋ ತಿಳಿದಿರುವಂತೆ ಡಾಕ್ಟರು ನೋಡಿಕೊಳ್ಳಬೇಕಂತೆ. ಹಾಗಾಗಿ ನಾವು ಸುಮ್ನೆ ಇದ್ದರೆ ಮಾತು ಸಂಬಂಧಿಕರ ಕಡೆಗೇ ಹೋಗುತ್ತದೆ. "ಡಾಕ್ಟರೇ, ನನಗೇ ಹೇಳಿ, ನಾನು ಕೇಳಿಸಿಕೊಳ್ಳುತ್ತೇನೆ" ಅಂತ ನಾವೇ ಬಾಯಿಬಿಡಬೇಕು. ನಾನು ಹಾಗೆ ಅಂದ ಮೇಲೆ ನಮ್ಮ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು.

ಇನ್ನೊಂದು ವಿಷಯ, ಬರೆಯುವಾಗ ಈಗಲೂ ಕೈ ನಡುಗುತ್ತದೆ. ಆಪರೇಷನ್ ಆದ ಮೇಲೆ ಡ್ರೆಸ್ಸಿಂಗ್ ಬಿಚ್ಚಿದಾಗ ಡ್ಯೂಟಿ ಡಾಕ್ಟರೊಬ್ಬರು ಜೇಬಿನಿಂದ ಮೊಬೈಲ್ ತೆಗೆದು ಫೋಟೋ ಹೊಡೆದರು. ಪರದೆ ಅರ್ಧ ತೆರೆದೇ ಇತ್ತು. "ಯಾಕೆ?" ಎಂದರೆ, "ಸೀನಿಯರ್‌ಗೆ ವಾಟ್ಸಾಪ್ ಮಾಡಬೇಕು ಆಂಟಿ." ಗಾಯ ನೋಡಲು ಫೋಟೋ ಬೇಕಾಗಬಹುದು, ಒಪ್ಪುತ್ತೇನೆ. ಆದರೆ ಕೇಳಿ ತೆಗೆಯಬೇಕು, ಮುಖ ಬರಬಾರದು, ಕೆಲಸ ಮುಗಿದ ಮೇಲೆ ಸ್ವಂತ ಮೊಬೈಲಿನಲ್ಲಿ ಇರಬಾರದು. ಅದರಲ್ಲಿ ನನ್ನ ಮುಖವೂ ಇತ್ತು. ನನ್ನ ಎದುರಿಗೇ ಡಿಲೀಟ್ ಮಾಡಿಸಿದೆ. ಗುರುತು ಸಿಗುವಂಥ ಫೋಟೋವನ್ನು ರೋಗಿಯ ಅನುಮತಿ ಇಲ್ಲದೆ ಪ್ರಕಟಿಸುವಂತಿಲ್ಲ ಅಂತಲೂ ಆ 2002ರ ನಿಯಮದಲ್ಲೇ ಇದೆ. ಅಡ್ಮಿಷನ್ ಸಮಯದಲ್ಲಿ ಸಹಿ ಹಾಕಿಸುವ ಕಾಗದದ ಕಂತೆಯಲ್ಲಿ "ಫೋಟೋ, ವಿಡಿಯೋ ಬಳಕೆಗೆ ಒಪ್ಪಿಗೆ" ಅನ್ನುವ ಸಾಲು ಇದೆಯಾ ನೋಡಿ. ಬೇಡವಾದರೆ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ.

ಗುಟ್ಟು ಅಂದಾಕ್ಷಣ ಡಾಕ್ಟರ್ ಹತ್ತಿರವೇ ಮುಚ್ಚಿಡಬೇಡಿ. ನಾಟಿ ಔಷಧಿ, ಕಷಾಯ, ಪುಡಿ ಏನೇ ತಗೊಳ್ಳುತ್ತಿದ್ದರೂ ಕೀಮೋ ಕೊಡುವವರಿಗೆ ಗೊತ್ತಿರಲೇಬೇಕು. ಹಲ್ಲು ಕೀಳಿಸಲು ಹೋದರೂ ಕೀಮೋ ನಡೆಯುತ್ತಿದೆ ಅಂತ ಹೇಳಿ. ಇನ್ಶೂರೆನ್ಸ್‌ನವರಿಗೂ ರಿಪೋರ್ಟ್ ಕೊಡಲೇಬೇಕು, ಅದು ಬೇರೆ ಮಾತು.

ಸೆಕೆಂಡ್ ಒಪಿನಿಯನ್‌ಗೆ ದಾಖಲೆ ಬೇಕಾದರೆ ನೀವೇ ಬರೆದುಕೊಟ್ಟು ಪಡೆಯಿರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂಬ ನಿಯಮವಿದೆ. ಬಯಾಪ್ಸಿಯ ಸ್ಲೈಡು, ಬ್ಲಾಕ್ (ತೆಗೆದ ಚೂರನ್ನು ಇಟ್ಟಿರುವ ಗಾಜು, ಮೇಣದ ತುಂಡು) ಕೂಡ ಕೇಳಿ, ಬೇರೆ ಕಡೆ ಮರುಪರೀಕ್ಷೆಗೆ ಅವೇ ಮುಖ್ಯ. ರಿಪೋರ್ಟಿನ ಫೋಟೋವನ್ನು ಹತ್ತು ಜನರಿಗೆ ಫಾರ್ವರ್ಡ್ ಮಾಡಿ ಅಭಿಪ್ರಾಯ ಕೇಳುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆಸ್ಪತ್ರೆ ಕಿವಿಗೇ ಹಾಕಿಕೊಳ್ಳದಿದ್ದರೆ ಡಾಕ್ಟರ್ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕೊಡಬಹುದು. ಖಾಸಗಿ ಆಸ್ಪತ್ರೆ ಮೇಲಿನದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಇದೆ. ನನ್ನದು ಅಲ್ಲಿಯವರೆಗೆ ಹೋಗಲಿಲ್ಲ. ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ಒಂದು ಪತ್ರ ಕೊಟ್ಟೆ, ನಂಬರ್ ಬದಲಾಯಿತು, ಫೈಲಿನ ಮೇಲೆ ಚೀಟಿ ಅಂಟಿಸಿದರು.

ಬೇಕಾದವರು ಇದನ್ನೇ ಬರೆದುಕೊಳ್ಳಿ: "ನನ್ನ ರಿಪೋರ್ಟ್‌ಗಳನ್ನು ಈ ನಂಬರಿಗೆ ಮಾತ್ರ ಕಳಿಸಿ. ನನ್ನ ಕಾಯಿಲೆಯ ವಿಷಯ ಮೊದಲು ನನಗೇ ತಿಳಿಸಿ. ನನ್ನನ್ನು ಬಿಟ್ಟರೆ ಇವರೊಬ್ಬರ ಹತ್ತಿರ ಮಾತ್ರ ಮಾತಾಡಬಹುದು. ನನ್ನನ್ನು ಕೇಳದೆ ಫೋಟೋ ತೆಗೆಯಬೇಡಿ." ಕೆಳಗೆ ಹೆಸರು, ತಾರೀಖು, ಸಹಿ. ಕನ್ನಡದಲ್ಲೇ ಕೊಟ್ಟರೂ ಆಗುತ್ತದೆ. ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಂಡು ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ.