ಖೇಲೋ ಇಂಡಿಯಾ ಸೆಂಟರ್ ದುಡ್ಡು: ಕೋಚ್‌ಗೆ ಓಕೆ, ಮಕ್ಕಳಿಗೆ ಸಾಲದು

ಹಳ್ಳಿ ಕಡೆ ಖೋ-ಖೋ ಕಲಿಸುವವರು ಯಾರು ಹೇಳಿ? ಒಂದೋ ಶಾಲೆಯ ಪಿಇ ಮಾಸ್ಟರ್, ಇಲ್ಲವೇ ಹಿಂದೆ ರಾಜ್ಯ ತಂಡದಲ್ಲಿ ಆಡಿ ಈಗ ಬೇರೆ ಕೆಲಸ ಮಾಡಿಕೊಂಡಿರುವ ಅಣ್ಣಂದಿರು. ಸಂಜೆ ಬಂದು ಪುಕ್ಕಟೆ ಕಲಿಸುತ್ತಾರೆ. ಅಂಥ ಹಳೆಯ ಆಟಗಾರರು ಮಕ್ಕಳಿಗೆ ಕಲಿಸಲಿ, ಅವರ ಕೈಗೆ ತಿಂಗಳು ತಿಂಗಳು ದುಡ್ಡೂ ಸೇರಲಿ ಅಂತ ಯೋಚಿಸಿದ ಕೇಂದ್ರ ಸರ್ಕಾರದ ಯೋಜನೆ ಖೇಲೋ ಇಂಡಿಯಾ ಸೆಂಟರ್. ಖೋ-ಖೋ ಹುಚ್ಚಿರುವ ನನ್ನಂಥವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಅಂತ ಬರೆಯುತ್ತಿದ್ದೇನೆ.

2020ರಲ್ಲಿ ಕೇಂದ್ರ ಕ್ರೀಡಾ ಇಲಾಖೆ ದೇಶದಲ್ಲಿ ಇಂಥ ಸಾವಿರ ಸೆಂಟರ್ ಮಾಡುವುದಾಗಿ ಹೇಳಿತು. 2021ರಲ್ಲಿ ಕರ್ನಾಟಕಕ್ಕೆ 31 ಮಂಜೂರಾದವು. ಒಂದೊಂದು ಸೆಂಟರ್ ಶುರು ಮಾಡೋಕೆ ಒಂದು ಸಲ 5 ಲಕ್ಷ, ಆಮೇಲೆ ವರ್ಷಕ್ಕೆ 5 ಲಕ್ಷ. ಅದರಲ್ಲಿ 3 ಲಕ್ಷ ಕೋಚ್‌ಗೇ ಹೋಗುತ್ತದೆ, ಅಂದರೆ ತಿಂಗಳಿಗೆ 25 ಸಾವಿರ. ಬೆಂಗಳೂರಲ್ಲಿ ಇದು ಮನೆ ಬಾಡಿಗೆಗೆ ಸರಿಹೋಗುತ್ತದೆ ಅಷ್ಟೇ, ಆದರೆ ತಾಲ್ಲೂಕಿನ ಊರಲ್ಲಿ, ಅದೂ ಬೆಳಗ್ಗೆ ಸಂಜೆ ಮೈದಾನದಲ್ಲೇ ಇರುವವರಿಗೆ ನಿಜವಾಗಿ ಆಸರೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ತೊಡಕು ಏನಂದ್ರೆ, ಕೋಚ್ ಆಗುವವರು ಹಿಂದೆ ದೊಡ್ಡ ಮಟ್ಟದಲ್ಲಿ ಆಡಿದ್ದಿರಬೇಕು. ಹಳೆಯ ಆಟಗಾರರಿಗೆ ಇದು ಒಳ್ಳೆಯದೇ. ಆದರೆ ಚೆನ್ನಾಗಿ ಪೋಲ್ ಡೈವ್ (ಕಂಬ ಹಿಡಿದು ಹಾರಿ ಎದುರಾಳಿಯನ್ನು ಮುಟ್ಟೋದು) ಹೊಡೆದವರೆಲ್ಲ ಹತ್ತು ವರ್ಷದ ಮಗುವಿಗೆ ಅದನ್ನು ಕಲಿಸಬಲ್ಲರು ಅನ್ನೋಕೆ ಆಗುತ್ತಾ? ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಕೋಚ್‌ಗಳಿಗೆ ಆರು ವಾರದ ಕೋರ್ಸ್ ಇದೆ. ಕೋಚ್ ಸಂಬಳದ ಜೊತೆ ಅದರ ಫೀಸು, ರೈಲು ಖರ್ಚನ್ನೂ ಸೇರಿಸಿ ಕೊಟ್ಟುಬಿಡಬೇಕು. ಇತ್ತ, ಇಪ್ಪತ್ತು ವರ್ಷದಿಂದ ತಂಡ ಕಟ್ಟಿದ ಪಿಇ ಮಾಸ್ಟರ್ ತಾನೇ ದೊಡ್ಡ ಮಟ್ಟದಲ್ಲಿ ಆಡಿಲ್ಲ ಅಂದ್ರೆ ಈ ಬಾಗಿಲು ತೆರೆಯೋದೇ ಇಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಅರ್ಧ ಮಾರ್ಕು ಕೊಡೋದೂ ಕಷ್ಟ. ಕೋಚ್ ಸಂಬಳ ಹೋಗಿ ಉಳಿಯುವ 2 ಲಕ್ಷದಲ್ಲೇ ಸಾಮಾನು, ಕಿಟ್, ಟೂರ್ನಮೆಂಟ್ ಓಡಾಟ ಎಲ್ಲ ಆಗಬೇಕು. ಈಗ ದೊಡ್ಡ ಪಂದ್ಯಗಳೆಲ್ಲ ಮ್ಯಾಟ್ ಮೇಲೆ, ನಮ್ಮ ಮಕ್ಕಳು ಆಡೋದು ಮಣ್ಣಲ್ಲಿ. ಆಯ್ಕೆಯಾದ ಖೇಲೋ ಇಂಡಿಯಾ ಕ್ರೀಡಾಪಟುಗಳಿಗೆ ವರ್ಷಕ್ಕೆ 6.28 ಲಕ್ಷದ ನೆರವು ಅಂತ ಇದೆ, ಅದರಲ್ಲಿ ತಿಂಗಳಿಗೆ 10 ಸಾವಿರ ಕೈಗೇ. ಚೆನ್ನಾಗಿದೆ, ಆದರೆ ಅಲ್ಲಿಗೆ ತಲುಪುವವರೆಗೆ ಬಸ್ ಚಾರ್ಜು, ಶೂ, ಮೊಟ್ಟೆ ಹಾಲು ಯಾರ ಜೇಬಿಂದ? ಅಪ್ಪ ಅಮ್ಮಂದು, ಇಲ್ಲಾ ಅದೇ ಕೋಚ್‌ದು.

ಗೆದ್ದ ಮೇಲೆ ಕೊಡುವ ಬಹುಮಾನವನ್ನು ನಾನು ಈ ಲೆಕ್ಕಕ್ಕೆ ಸೇರಿಸೋದೇ ಇಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು ಭಾರತದ ಎರಡೂ ತಂಡ ಗೆದ್ದವು. ನಮ್ಮ ಕರ್ನಾಟಕದ ಚೈತ್ರಾ (ಮೈಸೂರು ಜಿಲ್ಲೆಯ ಕುರುಬೂರಿನವರು) ಮತ್ತು ಗೌತಮ್ ಆ ತಂಡಗಳಲ್ಲಿದ್ದರು. ರಾಜ್ಯ ಸರ್ಕಾರ ತಲಾ 5 ಲಕ್ಷ ಅಂದಾಗ ಇಬ್ಬರೂ ಬೇಡ ಅಂದರು, ಮಹಾರಾಷ್ಟ್ರ ತನ್ನವರಿಗೆ ತಲಾ 2.25 ಕೋಟಿ ಮತ್ತು ಕೆಲಸ ಕೊಡುತ್ತಿರುವಾಗ. ಬೇಡ ಅಂದಿದ್ದು ಸರಿಯೇ ಅನ್ನೋದು ನನ್ನ ಅಭಿಪ್ರಾಯ.

ಒಟ್ಟು ಐದಕ್ಕೆ ಮೂರು ಸ್ಟಾರ್, ಮೂರೂ ಕೋಚ್ ಸಂಬಳಕ್ಕೆ. ನಿಮ್ಮ ಊರಲ್ಲಿ ನ್ಯಾಷನಲ್ಸ್ ಆಡಿದ ಹಳಬರು ಇದ್ದರೆ ಈಗಲೇ ಸರ್ಟಿಫಿಕೇಟ್ ಹುಡುಕಿ ಇಟ್ಟುಕೊಳ್ಳೋಕೆ ಹೇಳಿ, ಆಮೇಲೆ ಜಿಲ್ಲಾ ಕ್ರೀಡಾ ಇಲಾಖೆಯಲ್ಲಿ ವಿಚಾರಿಸಿ.