ಕಲ್ಲಿನಾಗ, ಕಾಗದದಾಗ, ಮಂದಿ ಬಾಯಾಗ: ವಿಜಯಪುರದ ಒಂದು ನಡಿಗೆ ಪ್ರವಾಸದ ವಿಮರ್ಶೆ

ವಿಜಯಪುರಕ್ಕೆ ಬರುವ ಬಹುತೇಕ ಪ್ರವಾಸಿಗರು ಗೋಳಗುಮ್ಮಟವನ್ನೇರಿ ಕೂಗು ಹಾಕಿ, ಮಲಿಕ್-ಎ-ಮೈದಾನ್ ತೋಪಿನ ಮುಂದೆ ಫೋಟೊ ತೆಗೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಆಲಮಟ್ಟಿಯ ದಾರಿ ಹಿಡಿಯುತ್ತಾರೆ. ಅಷ್ಟೇ ಸಾಕೆನ್ನುವವರಿಗೆ ಈ ಪ್ರವಾಸ ಹಿಡಿಸುವುದಿಲ್ಲ. ಆದಿಲಶಾಹಿ ರಾಜಧಾನಿಯಲ್ಲಿ ಬೇರೆ ಬೇರೆ ಧರ್ಮಗಳ ಜನ ಹೇಗೆ ಜಗಳಾಡಿದರು, ಹೇಗೆ ಹೊಂದಿಕೊಂಡರು ಎಂಬುದೊಂದನ್ನೇ ವಿಷಯವಾಗಿಟ್ಟುಕೊಂಡು, ಸ್ಥಳೀಯ ಮಾರ್ಗದರ್ಶಕರೊಬ್ಬರು ಚಿಕ್ಕ ಗುಂಪುಗಳನ್ನು ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಎರಡರವರೆಗೆ ಊರೊಳಗೂ ಊರಾಚೆಗೂ ಕರೆದೊಯ್ಯುತ್ತಾರೆ. ತಲೆಗೆ 450 ರೂಪಾಯಿ. ಚಹಾ, ನಾಷ್ಟಾ ಮತ್ತು ಟಂಟಂ (ಮೂರು ಗಾಲಿಯ ಬಾಡಿಗೆ ಗಾಡಿ) ಬಾಡಿಗೆ ಅದರಲ್ಲೇ ಸೇರಿದೆ, ಸ್ಮಾರಕಗಳ ಪ್ರವೇಶದ ಟಿಕೆಟ್ಟು ಮಾತ್ರ ಬೇರೆ.

ಕರಪತ್ರದಲ್ಲಿ ‘ಭಾವೈಕ್ಯ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದುದರಿಂದ, ವೇದಿಕೆಯ ಮೇಲೆ ಕೇಳುವ ಭಾಷಣವನ್ನೇ ಇಲ್ಲಿ ಬಿಸಿಲಿನಲ್ಲಿ ನಿಂತು ಕೇಳಬೇಕಾದೀತೆಂಬ ಅನುಮಾನ ನನಗಿತ್ತು. ಆ ಅನುಮಾನವನ್ನು ಕಳೆದದ್ದು ಅವರು ಗೋಳಗುಮ್ಮಟದ ಮೆಟ್ಟಿಲ ಬಳಿಯೇ ಹಾಕಿಕೊಟ್ಟ ಒಂದು ಕಟ್ಟಳೆ. “ನಾ ಏನರ ಹೇಳಿದ್ರ, ಅದು ಕಲ್ಲಿನಾಗ ಅದನೋ, ಕಾಗದದಾಗ ಅದನೋ, ಬರೇ ಮಂದಿ ಬಾಯಾಗ ಅದನೋ ಅಂತ ಮೊದಲ ಕೇಳ್ರಿ” ಎಂದರು. ಎಂದರೆ ಶಾಸನ ಮತ್ತು ಕಟ್ಟಡದ ಸಾಕ್ಷ್ಯ ಒಂದು, ಅಂದಿನವರ ಬರಹ ಇನ್ನೊಂದು, ಐತಿಹ್ಯ ಮತ್ತೊಂದು. ಮೊರದಲ್ಲಿ ಜೋಳ ಹಸನು ಮಾಡಿದಂತೆ ಪ್ರತಿಯೊಂದು ಮಾತನ್ನೂ ಅವರು ಹೀಗೆ ಬೇರ್ಪಡಿಸುತ್ತ ಹೋದರು. ಕೇಳುವುದನ್ನು ನಾವು ಮರೆತಾಗ ತಾವೇ ನೆನಪಿಸಿದರು. ಅನ್ಯಧರ್ಮದವರ ಬಗ್ಗೆ ನಮ್ಮಲ್ಲಿ ಬೇರೂರಿದ ಅಭಿಪ್ರಾಯಗಳಲ್ಲಿ ಹೆಚ್ಚಿನವು ಮೂರನೆಯ ಬಗೆಯವು, ಆದರೆ ನಾವು ಅವನ್ನು ಆಡುವುದು ಮೊದಲನೆಯ ಬಗೆಯವೆಂಬ ಧೈರ್ಯದಲ್ಲಿ. ಈ ಪ್ರವಾಸದ ನಿಜವಾದ ಬೆಲೆ ಇರುವುದು ಆ ಗಂಟನ್ನು ಬಿಡಿಸುವುದರಲ್ಲಿಯೇ.

ಜುಮ್ಮಾ ಮಸೀದಿಯಲ್ಲಿ ಅವರು ಕಟ್ಟಡದ ಸೌಂದರ್ಯದ ಬಗ್ಗೆ ಹೆಚ್ಚು ಮಾತನಾಡಲಿಲ್ಲ. 1565ರ ರಕ್ಕಸಗಿ–ತಂಗಡಗಿ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲಿ ಒಬ್ಬನಾದ ಒಂದನೆಯ ಅಲಿ ಆದಿಲಶಾಹನೇ ಇದನ್ನು ಕಟ್ಟಿಸಲು ಆರಂಭಿಸಿದವನು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಹಂಪಿ ಹಾಳಾದ ಸಂಗತಿಯನ್ನು ಮೃದುಮಾಡಿಯೂ ಹೇಳಲಿಲ್ಲ. ಅದೇ ಉಸಿರಿನಲ್ಲಿ, ಆ ಯುದ್ಧಕ್ಕೆ ಕೆಲವೇ ವರ್ಷ ಮೊದಲು ಇದೇ ಅಲಿ ವಿಜಯನಗರವನ್ನು ಆಳುತ್ತಿದ್ದ ರಾಮರಾಯನ ನೆರವು ಪಡೆದು ಅಹಮದನಗರದ ಮೇಲೆ ದಂಡೆತ್ತಿದ್ದನೆಂಬುದನ್ನೂ, ರಾಮರಾಯನ ಸೈನ್ಯದಲ್ಲಿ ಮುಸ್ಲಿಂ ಸರದಾರರಿದ್ದರೆಂಬುದನ್ನೂ ತಿಳಿಸಿದರು. ನೆಲದ ಮೇಲೆ ಸಾಲಾಗಿ ಗುರುತು ಮಾಡಿರುವ, ಎರಡು ಸಾವಿರಕ್ಕೂ ಮಿಕ್ಕಿದ ನಮಾಜಿನ ಚೌಕಗಳನ್ನು ತೋರಿಸಿ, ಇವನ್ನು ಹಾಕಿಸಿದವನಾರು, ಬಿಜಾಪುರದ ರಾಜ್ಯವನ್ನು ಮುಗಿಸಿದವನಾರು ಎಂದು ಕೇಳಿದಾಗ ಗುಂಪಿನಲ್ಲಿ ತಕ್ಷಣ ಉತ್ತರ ಬರಲಿಲ್ಲ. ಎರಡಕ್ಕೂ ಉತ್ತರ ಒಂದೇ: 1686ರಲ್ಲಿ ಊರನ್ನು ಗೆದ್ದ ಔರಂಗಜೇಬ. ಆದಿಲಶಾಹಿ ಅರಸರಲ್ಲೇ ಕೆಲವರು ಶಿಯಾ ಪಂಥವನ್ನೂ ಕೆಲವರು ಸುನ್ನಿ ಪಂಥವನ್ನೂ ಹಿಡಿದಿದ್ದರೆಂದು ಕೇಳಿದ ಮೇಲೆ, ಇತಿಹಾಸವನ್ನು ಎರಡೇ ಪಂಗಡಗಳ ಲೆಕ್ಕದಲ್ಲಿ ಓದಿದವರಿಗೆ ಆ ಲೆಕ್ಕ ಅಲ್ಲಿಯೇ ತಾಳೆ ತಪ್ಪುತ್ತದೆ.

ಪ್ರವಾಸದ ಅತ್ಯಂತ ಗಟ್ಟಿಯಾದ ಭಾಗ ಊರ ನಡುವಿನ ಒಳಕೋಟೆಯಾದ ಆರ್ಕಿಲ್ಲೆಯಲ್ಲಿದೆ. ಅಲ್ಲಿಯ ಕರೀಮುದ್ದೀನ ಮಸೀದಿ 1320ರದು, ಆದಿಲಶಾಹಿಗಿಂತಲೂ ಹಳೆಯದು. ಅದರ ಕಂಬಗಳು ದೇವಾಲಯದ ಕಂಬಗಳೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ನಮ್ಮ ಗುಂಪಿನಲ್ಲಿದ್ದ, ಮುಧೋಳ ಕಡೆಯ ಹಿರಿಯರೊಬ್ಬರು ಹೊರಗೇ ನಿಂತು, “ಗುಡಿ ಕೆಡವಿ ಕಟ್ಟಿದ್ದನ್ನ ನೋಡಾಕ ರೊಕ್ಕಾ ಕೊಟ್ಟು ಬರಬೇಕೇನ್ರಿ?” ಎಂದು ಕೇಳಿಯೇಬಿಟ್ಟರು. ಇಂಥ ಪ್ರಶ್ನೆಗೆ ಮಾರ್ಗದರ್ಶಕರು ಸಾಮಾನ್ಯವಾಗಿ ನಕ್ಕು ಮುಂದೆ ಸಾಗುತ್ತಾರೆ, ಇಲ್ಲವೇ ‘ಎಲ್ಲರೂ ಒಂದೇ’ ಎಂದು ತೇಲಿಸುತ್ತಾರೆ. ಇವರು ಹಾಗೆ ಮಾಡಲಿಲ್ಲ. “ಕಂಬ ಗುಡೀವು ಅನ್ನೋದು ಕಲ್ಲಿನಾಗ ಅದ ಯಜಮಾನ್ರ, ಸುಳ್ಳಂತ ಯಾರೂ ಅನ್ನಾಂಗಿಲ್ಲ. ಕಟ್ಟಿದವ ಸಾಲೋಟಗಿಯ ರೇವಯ್ಯ ಅನ್ನೋದೂ ಶಾಸನದಾಗ ಅದ. ಒಂದು ಓದಿ ಇನ್ನೊಂದು ಬಿಡಬ್ಯಾಡ್ರಿ” ಎಂದರು. ಇಂಡಿ ತಾಲ್ಲೂಕಿನ ಸಾಲೋಟಗಿ ರಾಷ್ಟ್ರಕೂಟರ ಕಾಲದ ವಿದ್ಯಾಕೇಂದ್ರದ ಶಾಸನದಿಂದ ಕನ್ನಡಿಗರಿಗೆ ಪರಿಚಿತವಾದ ಊರು. ಅಲ್ಲಿಯ ಹಿಂದೂ ಸೂತ್ರಧಾರಿಯೊಬ್ಬ, ಎಂದರೆ ಕಟ್ಟಡ ಕಟ್ಟುವ ಕುಶಲಕರ್ಮಿಯೊಬ್ಬ, ಈ ಮಸೀದಿಯನ್ನು ಕಟ್ಟಿದ ಎಂಬುದು, ಕೆಡವಿದ ನೋವನ್ನು ಅಳಿಸುವುದಿಲ್ಲ; ಆದರೆ ಅಂದು ಏನಾಯಿತೆಂಬುದರ ಚಿತ್ರವನ್ನು ಮೊದಲಿನಷ್ಟು ಸರಳವಾಗಿ ಉಳಿಯಗೊಡುವುದಿಲ್ಲ. ಹಿರಿಯರು ಒಪ್ಪಿದರೋ ಬಿಟ್ಟರೋ ಹೇಳಲಾರೆ. ಒಳಗೆ ಬಂದರು, ಆ ಶಾಸನ ಎಲ್ಲಿದೆ ಎಂದು ಕೇಳಿದರು, ಮುಂದಿನ ದಾರಿಯುದ್ದಕ್ಕೂ ಮಾರ್ಗದರ್ಶಕರ ಪಕ್ಕದಲ್ಲೇ ನಡೆದರು.

ಅಲ್ಲಿಂದ ಕೂಗಳತೆಯಲ್ಲಿ, ಕೋಟೆಯ ಕಂದಕದ ಮಗ್ಗುಲಲ್ಲಿ ನರಸಿಂಹ ದೇವಸ್ಥಾನವಿದೆ. ಇಲ್ಲಿ ದತ್ತಾತ್ರೇಯನ ಪಾದುಕೆಗಳಿಗೆ ಪೂಜೆ ನಡೆಯುತ್ತದೆ. ಎರಡನೆಯ ಇಬ್ರಾಹಿಂ ಆದಿಲಶಾಹ ಇಲ್ಲಿಗೆ ಭಕ್ತಿಯಿಂದ ನಡೆದುಕೊಳ್ಳುತ್ತಿದ್ದನೆಂಬ ಕತೆ ಊರಿನಲ್ಲಿ ಎಲ್ಲರಿಗೂ ಗೊತ್ತು. ನಮಗೆಲ್ಲ ಪ್ರಿಯವಾಗುವ ಈ ಕತೆಯನ್ನೂ ಅವರು ಸಂಕೋಚವಿಲ್ಲದೆ ‘ಮಂದಿ ಬಾಯಿಮಾತು’ ಎಂದೇ ಪಟ್ಟಿಮಾಡಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ದ್ವೇಷದ ಕತೆಗೆ ಸಾಕ್ಷ್ಯ ಕೇಳುವವರು ಸೌಹಾರ್ದದ ಕತೆಗೂ ಕೇಳಬೇಕಲ್ಲ. ಬಳಿಕ ಅವರು ಕಾಗದದಲ್ಲಿ ಇರುವುದನ್ನು ತೆರೆದರು. 1580ರಿಂದ 1627ರವರೆಗೆ ಆಳಿದ ಈ ಅರಸ ದಖನಿ ಭಾಷೆಯಲ್ಲಿ, ಎಂದರೆ ದಖ್ಖನಿನ ಹಳೆಯ ಉರ್ದುವಿನಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಹಾಡುಗಳ ಸಂಗ್ರಹ. ಅದು ಸರಸ್ವತಿಯ ಸ್ತುತಿಯಿಂದ ಮೊದಲಾಗುತ್ತದೆ, ಅದರಲ್ಲಿ ಗಣಪತಿಗೂ ಕಲಬುರಗಿಯ ಖಾಜಾ ಬಂದೇನವಾಜರಿಗೂ ಹಾಡುಗಳಿವೆ, ತನ್ನ ಆನೆಗೂ ತಂಬೂರಿಗೂ ಸಹ ಇವೆ. ಫರ‍್ರುಖ್ ಹುಸೇನ್ ಎಂಬ ಚಿತ್ರಕಾರ ಬರೆದ, ವೀಣೆ ನುಡಿಸುವ ಸರಸ್ವತಿಯ ಚಿತ್ರದಲ್ಲಿ ಇಬ್ರಾಹಿಮನ ತಂದೆ ಗಣಪತಿ, ತಾಯಿ ಸರಸ್ವತಿ ಎಂಬ ಅರ್ಥದ ಸಾಲಿದೆ. ಆ ಚಿತ್ರದ ಪ್ರತಿಯನ್ನು ಅವರು ಕೈಯಿಂದ ಕೈಗೆ ದಾಟಿಸಿದರು. ಅದು ಅಂಚೆ ಕಾರ್ಡಿನಷ್ಟು ಚಿಕ್ಕದು, ಇನ್ನೂ ದೊಡ್ಡದಾಗಿ ಅಚ್ಚುಹಾಕಿಸಬೇಕಿತ್ತು. ಗುಂಪಿನಲ್ಲಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಇದೇ ಊರಿನ ಮುಸ್ಲಿಂ ಹುಡುಗಿ; ದಿನವೂ ಈ ದಾರಿಯಲ್ಲಿ ಓಡಾಡಿದರೂ ಗುಡಿಯ ಮೆಟ್ಟಿಲು ಇಳಿದವಳಲ್ಲ, ಯಾರಾದರೂ ಏನಾದರೂ ಅಂದಾರೆಂಬ ಅಂಜಿಕೆಯಿಂದ. ಅಂದು ಇಳಿದಳು. ಪೂಜಾರಿಗಳು ಎಲ್ಲರಿಗೂ ಕೊಟ್ಟಂತೆ ಅವಳಿಗೂ ಸಕ್ಕರೆ ಕೊಟ್ಟರು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಅಸರ್ ಮಹಲಿನಲ್ಲಿ ಮಾತ್ರ ನನಗೆ ಅತೃಪ್ತಿ ಉಳಿಯಿತು. ಪ್ರವಾದಿಯವರ ಕೂದಲಿನ ಅವಶೇಷವನ್ನು ಇಟ್ಟಿರುವ ಈ ಕಟ್ಟಡದ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಗಂಡಸರು ಒಳಗೆ ಹೋಗಿ ಬರುವವರೆಗೆ ನಾವು ಕೊಳದ ದಂಡೆಯಲ್ಲಿ ಕೂತಿದ್ದೆವು. ಈ ನಿಯಮವನ್ನು ಅವರು ತಿಳಿಸಿದರೇ ಹೊರತು ಚರ್ಚಿಸಲಿಲ್ಲ. ಉಳಿದ ಕಡೆ ತೋರಿದ ನಿಷ್ಠುರತೆ ಇಲ್ಲಿ ಏಕೆ ತಗ್ಗಿತೋ. ಹೆಂಗಸರನ್ನು ಹೊರಗಿಡುವ ಗರ್ಭಗುಡಿಗಳೂ ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ, ಎರಡನ್ನೂ ಕೂಡಿಸಿ ಮಾತನಾಡಲು ಅದೊಂದು ಒಳ್ಳೆಯ ಅವಕಾಶವಾಗಿತ್ತು.

ಅದೇ ಅರಸನ ಸಮಾಧಿಯಾದ ಇಬ್ರಾಹಿಂ ರೋಜಾವನ್ನು ನೋಡಿ ಟಂಟಂ ಹತ್ತಿದರೆ ಮುಂದಿನದು ತೊರವಿ. ‘ತೊರವೆ ರಾಮಾಯಣ’ದ ಕವಿ ಕುಮಾರ ವಾಲ್ಮೀಕಿಯ ಇಷ್ಟದೈವವಾದ ನರಸಿಂಹನ ಊರಿದು. ಅದರ ಮಗ್ಗುಲಿಗೇ ಇಬ್ರಾಹಿಂ 1599ರಲ್ಲಿ ನವರಸಪುರವೆಂಬ ಹೊಸ ನಗರಕ್ಕೆ ಅಡಿಗಲ್ಲು ಹಾಕಿದ. 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು, ಈಗ ಸಂಗೀತ ಮಹಲಿನ ಕಮಾನುಗಳು ನಿಂತಿವೆ. ಕನ್ನಡ ಕಾವ್ಯದ ತೊರವೆಯನ್ನೂ ದಖನಿ ಸಂಗೀತದ ನವರಸಪುರವನ್ನೂ ನಾನು ಓದಿದ್ದು ಬೇರೆ ಬೇರೆ ಪುಸ್ತಕಗಳಲ್ಲಿ. ಎರಡೂ ಒಂದೇ ಹೊಲದ ಬದುವಿಗಿವೆಯೆಂಬುದು ಅಲ್ಲಿ ನಿಂತಾಗಲೇ ಮನಸ್ಸಿಗೆ ಇಳಿದದ್ದು.

ಕೊನೆಯ ನಿಲುಗಡೆ ಖಾಜಾ ಅಮೀನುದ್ದೀನ ಆಲಾ ಅವರ ದರ್ಗಾ. 17ನೆಯ ಶತಮಾನದ ಈ ಸೂಫಿ ಪರಂಪರೆಯವರು ಹೆಣ್ಣುಮಕ್ಕಳು ಬೀಸುವಾಗ ಹಾಡಲೆಂದು ದಖನಿಯಲ್ಲಿ ‘ಚಕ್ಕಿನಾಮೆ’ಗಳನ್ನು ಕಟ್ಟಿದರು, ಅವುಗಳಲ್ಲಿ ಬೀಸುಕಲ್ಲಿನ ಗೂಟ ‘ಅಲಿಫ್’ ಅಕ್ಷರ, ಎಂದರೆ ಅಲ್ಲಾಹನ ಗುರುತು, ನಡುವಿನ ಕೀಲು ಪೈಗಂಬರರು. ಇಷ್ಟು ಕೇಳಿದ್ದೇ ತಡ, ನನ್ನ ಜೊತೆ ಬಂದಿದ್ದ ಅತ್ತೆಯವರು, “ನಮ್ಮ ಪದದಾಗೂ ಕಲ್ಲು ತಾಯಿನ ಅಲ್ಲೇನ್ರಿ, ಮೊದಲ ಅಕಿನ್ನ ನೆನದ ಬೀಸಾಕ ಹತ್ತತೇವಿ” ಎಂದು ಅಲ್ಲಿಯೇ ನೆರಳಿನಲ್ಲಿ ಕೂತು ಎರಡು ಪದ ಹಾಡಿದರು. ದರ್ಗಾಕ್ಕೆ ಬಂದಿದ್ದ ಇಬ್ಬರು ಮುಸ್ಲಿಂ ಅಜ್ಜಿಯರು ಹತ್ತಿರ ಸರಿದು ಕೂತರು. ಬೀಸುವ ಪದದಿಂದ ಮಾತು ಮೊಹರಮ್ಮಿನ ಸಿಹಿತಿನಿಸಾದ ಚೊಂಗ್ಯಾಕ್ಕೆ, ಬೆಂಕಿಯ ಕುಣಿಯ ಸುತ್ತ ಕುಣಿಯುವ ಅಲಾವಿ ಕುಣಿತಕ್ಕೆ, ಹರಕೆ ಹೊತ್ತು ಫಕೀರನಾಗುವ ಲಿಂಗಾಯತರ ಮನೆಯ ಹುಡುಗರಿಗೆ ಹರಿಯಿತು. ಮಾರ್ಗದರ್ಶಕರು ಅಡ್ಡಬಾಯಿ ಹಾಕಲಿಲ್ಲ. ಅದು ಅವರ ಜಾಣತನ. ಯಾವ ವಿವರಣೆಯೂ ಬೇಕಿಲ್ಲದ ಆ ಅರ್ಧ ಗಂಟೆಗೇ ನಾನು ಕೊಟ್ಟ ಹಣ ಸಂದಾಯವಾಯಿತೆನ್ನಬೇಕು.

ಕೊರತೆಗಳೂ ಇವೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ಹೊರಗಿನಿಂದಲೇ ತೋರಿಸಿ ಬಿಡುತ್ತಾರೆ. ಜೈನ ಬಿಂಬಗಳೂ ಕನ್ನಡ, ಅರಬ್ಬಿ, ಪಾರಸಿ ಶಾಸನಗಳೂ ಒಂದೇ ಸೂರಿನಡಿ ಇರುವ ಜಾಗವನ್ನು ಇಂಥ ಪ್ರವಾಸ ತಪ್ಪಿಸಬಾರದು. ಸಹಸ್ರಫಣಿ ಪಾರ್ಶ್ವನಾಥ ಬಸದಿಯೂ ದಾರಿಯಲ್ಲಿಲ್ಲ, ಹೀಗಾಗಿ ಊರಿನಲ್ಲಿ ಎರಡೇ ಧರ್ಮಗಳಿವೆಯೇನೋ ಎಂಬ ಭಾವನೆ ಹುಟ್ಟುತ್ತದೆ. ನಾಷ್ಟಾದ ಸುಸಲಾ ಚೆನ್ನಾಗಿತ್ತು, ಚಹಾ ನೀರುನೀರಾಗಿತ್ತು.

ಹೋಗುವವರು ಶುಕ್ರವಾರವನ್ನು ಬಿಡುವುದು ಒಳ್ಳೆಯದು, ಅಂದು ಜುಮ್ಮಾ ಮಸೀದಿಯಲ್ಲಿ ಪ್ರಾರ್ಥನೆಯ ಏರ್ಪಾಟಿರುವುದರಿಂದ ನಿಧಾನವಾಗಿ ನೋಡಲಾಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹಿರಿಯರನ್ನು ಕರೆದೊಯ್ಯಬೇಡಿ. ಮೊಣಕಾಲು ನೋವಿದ್ದವರು ಗುಮ್ಮಟ ಹತ್ತದೆ ಕೆಳಗೇ ಕಾಯಬಹುದು, ಅದಕ್ಕೆ ಮಾರ್ಗದರ್ಶಕರ ತಕರಾರಿಲ್ಲ. ಬಿಚ್ಚಲು ಸುಲಭವಾದ ಚಪ್ಪಲಿ ಹಾಕಿಕೊಂಡು, ತಲೆಗೆ ಹೊದೆಯಲು ಒಂದು ವಸ್ತ್ರ ಇಟ್ಟುಕೊಂಡು, ಮನೆಯಲ್ಲಿ ಹಾಡು ಬಲ್ಲ ಅಜ್ಜಿಯರಿದ್ದರೆ ಅವರನ್ನು ತಪ್ಪದೆ ಜೊತೆಗೆ ಕರೆದುಕೊಂಡು ಹೋಗಿ.