ಆಕ್ಸ್‌ಫರ್ಡಿನ ಕಲ್ಲುಗಳನ್ನು ಓದಿಸುವ ನಡಿಗೆ

ಆಕ್ಸ್‌ಫರ್ಡಿಗೆ ಹೋದವರಿಗೆ ಕಾಲೇಜುಗಳ ಅಂಗಳವನ್ನೂ ಗೋಪುರಗಳನ್ನೂ ತೋರಿಸುವ ಮಾರ್ಗದರ್ಶಿಗಳಿಗೆ ಕೊರತೆಯಿಲ್ಲ. ನಾನು ಟಿಕೆಟ್ ಕೊಂಡು ಸೇರಿದ್ದು ಬೇರೆ ಬಗೆಯ ನಡಿಗೆಗೆ. ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳೇ ನಡೆಸುವ ಈ ಎರಡು ಗಂಟೆಯ ಸುತ್ತಿನಲ್ಲಿ ವಸಾಹತು, ಗುಲಾಮಗಿರಿ ಮತ್ತು ವರ್ಣಭೇದದ ಗುರುತುಗಳನ್ನು ಕಟ್ಟಡಗಳ ಮೇಲೆಯೇ ಓದಿಸುತ್ತಾರೆ. ಮಾರ್ಗದರ್ಶಕಿ ಭಾಷಣ ಮಾಡುವುದಿಲ್ಲ. ಸಂಗತಿಯನ್ನು ಚುಟುಕಾಗಿ ಹೇಳಿ, ಒಂದು ಪ್ರಶ್ನೆ ಕೇಳಿ, ಯಾರಾದರೂ ಬಾಯಿ ತೆರೆಯುವವರೆಗೆ ಸುಮ್ಮನೆ ನಿಲ್ಲುತ್ತಾರೆ. ಮೊದಲ ಪ್ರಶ್ನೆಗೆ ಎಲ್ಲರೂ ನೆಲ ನೋಡಿದೆವು.

ಆಲ್ ಸೋಲ್ಸ್ ಕಾಲೇಜಿನ ಮುಂದೆ ಆ ಸಂಕೋಚ ಹೋಯಿತು. 1710ರಲ್ಲಿ ತೀರಿಕೊಂಡ ಕ್ರಿಸ್ಟೋಫರ್ ಕಾಡ್ರಿಂಗ್ಟನ್ ಈ ಕಾಲೇಜಿನ ಗ್ರಂಥಾಲಯಕ್ಕೆಂದು 10,000 ಪೌಂಡ್ ಬಿಟ್ಟುಹೋದ. ಅವನ ಸಂಪತ್ತಿನ ಹಿಂದಿದ್ದುದು ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಗುಲಾಮರು ಮಾಡಿದ ದುಡಿಮೆ. ಆ ದುಡಿದವರ ನೆನಪಿನ ಫಲಕವನ್ನು ಹಾಕಿದ ಕಾಲೇಜು, 2020ರಲ್ಲಿ ಗ್ರಂಥಾಲಯಕ್ಕೆ ಅವನ ಹೆಸರನ್ನು ಬಳಸುವುದನ್ನು ಬಿಟ್ಟರೂ ಒಳಗಿನ ಪ್ರತಿಮೆಯನ್ನು ಕದಲಿಸಲಿಲ್ಲ. ಹೆಸರು ಹೋಗಿ ಪ್ರತಿಮೆ ಉಳಿದರೆ ಏನು ಬದಲಾದಂತೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಇಬ್ಬರ ಉತ್ತರ ಒಂದೇ ಆಗಿರಲಿಲ್ಲ.

ಹೈ ಸ್ಟ್ರೀಟಿನ ಓರಿಯಲ್ ಕಾಲೇಜಿನ ಎದುರು ಬಸ್ಸುಗಳ ಸದ್ದಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ, ಹಾಗಾಗಿ ಮಾರ್ಗದರ್ಶಕಿಯ ಹತ್ತಿರವೇ ನಿಲ್ಲಬೇಕು. ಮೇಲೆ, ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಿಂದ ಹಣ ಮಾಡಿ ಅಲ್ಲಿ ಬ್ರಿಟಿಷ್ ಸಾಮ್ರಾಜ್ಯವನ್ನು ಹಬ್ಬಿಸಿದ ಸೆಸಿಲ್ ರೋಡ್ಸ್‌ನ ಪ್ರತಿಮೆ. ಅವನ ಔದಾರ್ಯವನ್ನು ಹೊಗಳುವ ಲ್ಯಾಟಿನ್ ಸಾಲಿನಲ್ಲಿ ದೊಡ್ಡದಾಗಿ ಕೆತ್ತಿದ ಅಕ್ಷರಗಳನ್ನು ರೋಮನ್ ಅಂಕಿಗಳೆಂದು ಕೂಡಿದರೆ 1911 ಬರುತ್ತದೆ, ಅದೇ ಕಟ್ಟಡದ ವರ್ಷ. ಕೇಪ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಹೋರಾಟದಿಂದ ಅಲ್ಲಿನ ರೋಡ್ಸ್ ಪ್ರತಿಮೆ 2015ರ ಏಪ್ರಿಲ್‌ನಲ್ಲಿ ಕೆಳಗಿಳಿಯಿತು. ಇಲ್ಲಿನ ಪ್ರತಿಮೆಯ ಬಗ್ಗೆ ಓರಿಯಲ್ ನೇಮಿಸಿದ ಆಯೋಗದಲ್ಲಿ ಬಹುಮತ ತೆರವಿನ ಪರವಾಗಿದ್ದರೂ, ವೆಚ್ಚ ಮತ್ತು ಕಾನೂನಿನ ತೊಡಕುಗಳ ಕಾರಣ ಕೊಟ್ಟು ಕಾಲೇಜು 2021ರಲ್ಲಿ ಹಿಂದೆ ಸರಿಯಿತು. ನಾನು ಇಲ್ಲಿ ಗಿರೀಶ ಕಾರ್ನಾಡರ ಹೆಸರೆತ್ತಿದೆ: ಧಾರವಾಡದಲ್ಲಿ ಓದಿದ ಅವರು ಇದೇ ರೋಡ್ಸ್‌ನ ವಿದ್ಯಾರ್ಥಿವೇತನದಲ್ಲಿ ಇಲ್ಲಿಗೆ ಬಂದು ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಸಂಘದ ಅಧ್ಯಕ್ಷರಾದರು, ಆ ಹಣವನ್ನು ಹೇಗೆ ಲೆಕ್ಕ ಹಾಕುವುದು ಎಂದು. ಜೊತೆಯಲ್ಲಿದ್ದ ದಕ್ಷಿಣ ಆಫ್ರಿಕಾದ ಹುಡುಗನೊಬ್ಬ, ಹಣ ಅವನದಾಗಿದ್ದರೆ ತಾನೇ ನೀವು ಋಣಿಗಳಾಗುವುದು ಎಂದು ಮೆಲ್ಲಗೆ ಹೇಳಿದ. ಆ ಒಂದು ಮಾತಿಗೇ ಟಿಕೆಟ್ಟಿನ ಹಣ ಸಂದಿತು.

ನನ್ನ ದೂರು ಬ್ರಾಡ್ ಸ್ಟ್ರೀಟಿನ ಕೊನೆಯ ಹಳೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಕಟ್ಟಡದ ಬಗ್ಗೆ. ಸಂಸ್ಕೃತ ಪ್ರಾಧ್ಯಾಪಕ ಮೋನಿಯರ್ ವಿಲಿಯಮ್ಸ್ ಭಾರತದ ರಾಜರಿಂದಲೂ ಚಂದಾ ಎತ್ತಿ ಕಟ್ಟಿಸಿದ ಇದಕ್ಕೆ 1883ರಲ್ಲಿ ಅಡಿಗಲ್ಲು ಬಿತ್ತು. ಮಾರ್ಗದರ್ಶಕಿ ಮೇಲಿನ ಗಾಳಿಸೂಚಿಯ ಆನೆಯನ್ನು ತೋರಿಸಿ ಮುಂದೆ ನಡೆದೇಬಿಟ್ಟರು. ಅಲ್ಲಿನ ಸಂಸ್ಕೃತ ಶಾಸನವು ಕಟ್ಟಡ ಆರ್ಯರ ಉಪಯೋಗಕ್ಕೆ ಎನ್ನುತ್ತದೆ. ಅದರ ಇಂಗ್ಲಿಷ್ ಅನುವಾದ ಆ ಪದವನ್ನು ಭಾರತೀಯರು ಮತ್ತು ಆಂಗ್ಲರು ಎಂದು ಬಿಡಿಸುತ್ತದೆ. ಆಳುವವರನ್ನೂ ಆಳಿಸಿಕೊಳ್ಳುವವರನ್ನೂ ಒಂದೇ ಕುಲಕ್ಕೆ ಸೇರಿಸುವ ಈ ಪದದೊಳಗೆ ಕನ್ನಡದಂಥ ದ್ರಾವಿಡ ನುಡಿಯವರಿಗೆ ಜಾಗವಿತ್ತೇ, ಊರ ಹೊರಗೆ ಇರಿಸಲ್ಪಟ್ಟವರಿಗೆ ಇತ್ತೇ? ವರ್ಣಭೇದ ಬಿಳಿಯರು ಕರಿಯರ ಮೇಲೆ ಮಾಡಿದ್ದು ಮಾತ್ರ ಎಂದುಕೊಂಡು ಬಂದ ಭಾರತೀಯರನ್ನು ನಿಲ್ಲಿಸಿ ಕೇಳಬಹುದಾದ ಪ್ರಶ್ನೆ ಆನೆಯ ಕೆಳಗೇ ಉಳಿದುಹೋಯಿತು.

ಮತ್ತೊಂದು ಕೊರತೆ, ಕೊನೆಯಲ್ಲಿ ಕುಳಿತು ಮಾತಾಡಲು ಎಡೆಯೇ ಇಲ್ಲದಿರುವುದು. ಅಪರಿಚಿತರು ಒಬ್ಬರ ಮಾತಿಗೆ ಒಬ್ಬರು ಎದುರಾಡುವಷ್ಟು ಸಲಿಗೆ ಬೆಳೆಯುವ ಹೊತ್ತಿಗೆ ಸಮಯ ಮುಗಿದು ಎಲ್ಲರೂ ಚದುರುತ್ತಾರೆ. ಹೊಸ ವಿದ್ಯಾರ್ಥಿಗಳ ಮೊದಲ ವಾರದಲ್ಲೇ ಇಂಥ ನಡಿಗೆ ನಡೆದು, ಅದರ ನಂತರ ಅರ್ಧ ಗಂಟೆಯ ಚಹಾ ಸಿಕ್ಕರೆ ಕ್ಯಾಂಪಸ್ಸಿನಲ್ಲಿ ಮಾತು ಮುಂದುವರಿದೀತು. ನಾವು ನಾಲ್ವರು ಹಾಗೆಯೇ ಮಾಡಿದೆವು: ಕಾಫಿ ಕುಡಿಯುತ್ತ, ನಾನು ಆ ಶಾಸನದ ಸಾಲುಗಳನ್ನು ಫೋನಿನಲ್ಲಿ ಓದಿ ಹೇಳಿದೆ; ಆರ್ಯ ಎಂಬಲ್ಲಿಗೆ ಬಂದಾಗ ದಕ್ಷಿಣ ಆಫ್ರಿಕಾದ ಹುಡುಗ ಅದನ್ನೇ ಮತ್ತೊಮ್ಮೆ ಓದಿಸಿದ.